ಸೋರೆಕಾಯಿ ತಿನ್ನದ ಮನೆಯವರು

ಉದ್ದನಪಲ್ಲಿಯ ಪಾಪಣ್ಣನಿಗೆ ಇದ್ದದ್ದು ಒಂದೇ ಚಟ. ಬೀಡಿ ಮುಟ್ಟಿದವನಲ್ಲ, ಇಸ್ಪೀಟು ಹಿಡಿದವನಲ್ಲ, ಕುಡಿತದ ಮಾತಂತೂ ದೂರವೇ ಉಳಿಯಿತು. ಆದರೆ ಎದುರಿಗೆ ಸಿಕ್ಕವರನ್ನು ಏನಾದರೊಂದು ಕೇಳದೆ ಬಿಡುತ್ತಿರಲಿಲ್ಲ. ಬೋರ್‌ವೆಲ್ ಕೊರೆಯುವವರನ್ನು ಕಂಡರೆ ಇಲ್ಲೇ ಯಾಕೆ ಕೊರೆಯುತ್ತೀರಿ ಎಂದು ಕೇಳಬೇಕು. ಸಾವಿನ ಮನೆಗೆ ಹೋದರೆ ಹೆಣದ ಕಾಲಿನ ಹೆಬ್ಬೆರಳು ಕಟ್ಟುವುದೇಕೆಂದು ಅಳುತ್ತಾ ಕೂತವರನ್ನೇ ಕೇಳಬೇಕು. ಕನ್ನಡ, ತಮಿಳು, ತೆಲುಗು ಮೂರೂ ಬಾಯಲ್ಲೇ ಇದ್ದುದರಿಂದ ಭಾಷೆ ಬರೋಲ್ಲ ಎಂದು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಅವನು ಬರುವುದು ಕಂಡರೆ ಊರಿನ ಅರಳಿಕಟ್ಟೆಯ ಮೇಲೆ ಕೂತವರು ಪಂಚೆ ಕೊಡವಿಕೊಂಡು ಎದ್ದುಬಿಡುತ್ತಿದ್ದರು.

ಆದರೂ ಆ ಚಟವೇ ಅವನಿಗೆ ಮೂವತ್ತೊಂದು ವರ್ಷ ಅನ್ನ ಹಾಕಿತು ಅನ್ನಬೇಕು. ಹೊಸೂರಿನ ಮೋಟಾರು ಕಾರ್ಖಾನೆಯಲ್ಲಿ ಗೇರ್‌ಬಾಕ್ಸುಗಳನ್ನು ತಿರುಗಿಸಿ ಸದ್ದು ಕೇಳಿ ಪಾಸು ಮಾಡುವುದು ಅವನ ಕೆಲಸ. ಬೇರೆಯವರ ಕಿವಿಗೆ ಸರಿಯಾಗೇ ಕೇಳಿಸಿದ ಗೇರ್‌ಬಾಕ್ಸನ್ನು ಅವನು ಪಕ್ಕಕ್ಕಿಟ್ಟು, 'ಇದು ಯಾಕೋ ಗೊಣಗ್ತಾ ಐತಲ್ಲ' ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಒಳಗೆ ಒಂದು ಹಲ್ಲಿನ ಮೂಲೆ ಮುಕ್ಕಾಗಿರುತ್ತಿತ್ತು. ಚಿಕ್ಕವಯಸ್ಸಿನ ಎಂಜಿನಿಯರುಗಳು ಅವನ ಪ್ರಶ್ನೆಗಳಿಗೆ ಬೆವರುತ್ತಿದ್ದರು. ಆದರೆ ಕೈಸೋತಾಗ ಅವನನ್ನೇ ಕೂಗುತ್ತಿದ್ದರು.

ಇಷ್ಟೆಲ್ಲ ಕೇಳಿದವನಿಗೆ ಮನೆಯದೇ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಅವರ ಮನೆಯಲ್ಲಿ ಸೋರೆಕಾಯಿ ತಿನ್ನುವಂತಿಲ್ಲ. ತಿನ್ನುವುದಿರಲಿ, ಒಳಗೆ ತರುವಂತಿಲ್ಲ, ಕುಯ್ಯುವಂತಿಲ್ಲ. ಹಿತ್ತಲಲ್ಲಿ ತಾನಾಗಿ ಬಳ್ಳಿ ಎದ್ದರೆ ಕೈಮುಗಿದು ಬಿಟ್ಟುಬಿಡಬೇಕು. ಅಪ್ಪ ತೀರಿಕೊಂಡಾಗ ಪಾಪಣ್ಣನಿಗೆ ಆರು ವರ್ಷ. ಅವ್ವನನ್ನು ಕೇಳಿದರೆ, 'ನಿಮ್ಮಜ್ಜ ಮುನಿಯಪ್ಪ ಕಾವೇರಿಪಟ್ಟಣದ ಹೊಳೆದಂಡೆಯಿಂದ ಬಂದೋನು. ಸೋರೆಕಾಯಿ ತಿನ್ನದ ಮನೆಯೋರು ಅಂತ ಹೇಳ್ದ. ಅದೇ ನಿಮ್ಮ ಬೆಡಗು, ಇನ್ನೇನ್ ಬೇಕು?' ಎನ್ನುತ್ತಿದ್ದಳು.

ಬೆಡಗು ಅಂದರೆ ಈ ಕಡೆಯವರಿಗೆ ಸಣ್ಣ ಮಾತಲ್ಲ. ಒಂದೇ ಬೆಡಗಿನವರು ಒಂದೇ ರಕ್ತದವರು, ಎಷ್ಟು ದೂರದಲ್ಲಿದ್ದರೂ ಅಣ್ಣತಂಗಿಯರು. ಒಂದೊಂದು ಬೆಡಗಿಗೂ ಒಂದೊಂದು ಕಟ್ಟು: ಕೆಲವರು ಅತ್ತಿಮರ ಕಡಿಯುವುದಿಲ್ಲ, ಕೆಲವರು ಆಮೆ ಮುಟ್ಟುವುದಿಲ್ಲ. ಹೆಣ್ಣು ಕೇಳಲು ಬಂದವರು ಮೊದಲು ಕೇಳುವುದೇ ಅದನ್ನು. ಪಾಪಣ್ಣನ ಮದುವೆಯ ಕಾಲದಲ್ಲೂ ಕೇಳಿದ್ದರು. ಹೆಣ್ಣು ಮುನಿರತ್ನಮ್ಮನ ಮನೆಯಲ್ಲಿ ಸೋರೆಕಾಯಿ ಪಲ್ಯ ಮಾಡುತ್ತಾರೆ ಎಂದು ಗೊತ್ತಾದ ಮೇಲೆಯೇ ಹಿರಿಯರು ತಾಂಬೂಲಕ್ಕೆ ಕೈಹಾಕಿದ್ದು.

ಈಗ ಮಗಳು ಶಶಿರೇಖಾಳ ಸರದಿ. ಹುಡುಗ ಕುಮಾರೇಶ್ ಅವಳದೇ ಕಾರ್ಖಾನೆಯವನು, ಒಂದೇ ಶಿಫ್ಟಿನ ಬಸ್ಸಿನವನು. ಇಬ್ಬರೂ ಎರಡು ವರ್ಷ ಒಂದೇ ಸೀಟಿನಲ್ಲಿ ಕೂತು ಬಂದದ್ದು ಎರಡೂ ಮನೆಗೆ ಗೊತ್ತಾಗಿ, ಯಾರೂ ಬೇಡವೆನ್ನಲಿಲ್ಲ. ಹುಡುಗನಿಗೆ ತಂದೆಯಿಲ್ಲ. ತಾಯಿ ಸೆಲ್ವಿ ಹೊಸೂರಿನ ಆಲಸನತ್ತಂನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಅವನನ್ನು ಓದಿಸಿದವಳು. ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಪಾಪಣ್ಣ, ಮುನಿರತ್ನಮ್ಮ ಅಲ್ಲಿಗೆ ಊಟಕ್ಕೆ ಹೋದರು.

ಸೆಲ್ವಿ ಸೌಟು ಹಿಡಿದು ಬಡಿಸುತ್ತಾ, "ಎಲ್ಲಾ ತರಕಾರೀನೂ ಹಾಕಿದೀನಿ ಅಣ್ಣ, ಸೋರೆಕಾಯಿ ಒಂದು ಬಿಟ್ಟು. ನಮ್ಮ ಯಜಮಾನ್ರ ಕಡೆ ಅದು ಆಗಲ್ಲ," ಎಂದಳು.

ಪಾಪಣ್ಣನ ಕೈ ಎಲೆಯ ಮೇಲೇ ನಿಂತಿತು. ಮುನಿರತ್ನಮ್ಮ ಮಗ್ಗುಲಲ್ಲಿ ತಿವಿದಳು. ಆದರೂ ಅವನ ಬಾಯಿ ಕೇಳಬೇಕಲ್ಲ. "ಅವರ ಹಿರೀಕರು ಯಾವೂರಮ್ಮ?"

"ಕಾವೇರಿಪಟ್ಟಣ ಅಂತ ನಮ್ಮತ್ತೆ ಹೇಳೋರು. ನಾನು ನೋಡಿಲ್ಲ."

ದಿನವೇನೋ ಗೊತ್ತಾಯಿತು, ಆದರೆ ಆಮೇಲೆ ಬಡಿಸಿದ ಪಾಯಸ ಪಾಪಣ್ಣನಿಗೆ ಸಿಹಿಯೇ ಅನಿಸಲಿಲ್ಲ. ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಹೆಂಡತಿಯ ಹತ್ತಿರ ಬಾಯಿಬಿಟ್ಟ. ಅದೇ ಊರು, ಅದೇ ಕಟ್ಟು. ಹಾಗಾದರೆ ಅದೇ ಬೆಡಗು. ಹುಡುಗ ಹುಡುಗಿ ಅಣ್ಣತಂಗಿಯಾಗುತ್ತಾರೆ.

"ಅರ್ಧ ಪ್ರಪಂಚ ಸೋರೆಕಾಯಿ ತಿನ್ನಲ್ಲ," ಎಂದಳು ಮುನಿರತ್ನಮ್ಮ. "ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ನದಿಮೂಲ ಋಷಿಮೂಲ ಕೇಳಬಾರ್ದು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ."

"ಗೊತ್ತಿದ್ದೂ ಗೊತ್ತಿದ್ದೂ ಹೆಂಗೆ ಮಾಡೋದೇ?"

"ಗೊತ್ತಿಲ್ಲವಲ್ಲ ನಿನಗೆ. ಅದೇ ನಾನು ಹೇಳ್ತಿರೋದು."

ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಆ ಗಾದೆ ಪಾಪಣ್ಣನಂಥವನನ್ನು ನೋಡಿಯೇ ಹುಟ್ಟಿರಬೇಕು. ಶನಿವಾರ, ಭಾನುವಾರ ಎರಡು ದಿನ ರಜೆ ಬಂತು. ಹಳೇ ಊರು, ಹೊಳೆ, ಕೋಟೆ ಎಲ್ಲ ನೋಡಿಕೊಂಡು ಬರೋಣ ಬಾ ಎಂದು ಮಗಳನ್ನು ಕರೆದ. ಶಶಿರೇಖಾ ಅಪ್ಪನ ಮುಖವನ್ನು ಗೇಜಿಟ್ಟು ಅಳೆದವಳ ಹಾಗೆ ನೋಡಿ, ಚೀಲಕ್ಕೆ ಬಟ್ಟೆ ತುಂಬಿದಳು. ಶೂಳಗಿರಿ ದಾಟುವುದರೊಳಗೆ ಅವಳು ಎಲ್ಲವನ್ನೂ ಹೊರಗೆಳೆದಿದ್ದಳು. ಕೇಳುವ ಚಟ ಆ ಮನೆಯಲ್ಲಿ ಒಬ್ಬರಿಗೇ ಇರಲಿಲ್ಲ.

"ಒಂದು ವೇಳೆ ಒಂದೇ ಬೆಡಗು ಅಂತ ಆದ್ರೆ?" ಎಂದಳು.

ಪಾಪಣ್ಣ ಕಿಟಕಿಯಾಚೆ ನೋಡಿದ. "ಆದ್ರೆ ಮದುವೆ ಇಲ್ಲ ಕಣಮ್ಮ."

ಅವಳು ಫೋನು ತೆಗೆದು, ಕುಮಾರೇಶನ ಹೆಸರು ನೋಡಿ, ಮತ್ತೆ ಚೀಲದೊಳಗೆ ಹಾಕಿದಳು.

ಕಾವೇರಿಪಟ್ಟಣ ಸಣ್ಣ ಊರು. ಬಸ್‌ಸ್ಟ್ಯಾಂಡು, ನಿಪ್ಪಟ್ಟಿನ ಅಂಗಡಿ, ಮಾವಿನಹಣ್ಣಿನ ಮಂಡಿ, ಅಷ್ಟಾದ ಮೇಲೆ ಹೊಳೆ. ಇಳಿದ ತಕ್ಷಣ ಪಾಪಣ್ಣನಿಗೆ ಅನುಮಾನ ಬಂತು: ಊರಿನ ಹೆಸರು ಕಾವೇರಿ, ಹರಿಯುವುದು ಪೆಣ್ಣೆ ಹೊಳೆ, ಇದು ಹೇಗೆ? ನಿಪ್ಪಟ್ಟು ಕಟ್ಟುವವನನ್ನು ತಮಿಳಿನಲ್ಲಿ ಕೇಳಿದ. ಅವನು, 'ನಾನು ಸೇಲಂನವನು ಸಾರ್' ಎಂದು ಕೈಚೆಲ್ಲಿದ. ಟೀ ಅಂಗಡಿಯ ಮುದುಕ, ಹೈದರಾಲಿ ಕಾಲದಲ್ಲಿ ಇಲ್ಲಿ ಕೋಟೆಗಾಗಿ ಯುದ್ಧ ಆಗಿತ್ತಂತೆ ಎಂದು ಬೇರೇನೋ ಹೇಳಿ ಕಾಸು ಇಸಿದುಕೊಂಡ. ಕೋಟೆ ಎಲ್ಲಿ ಎಂದರೆ, ಅಲ್ಲಿ ಇಲ್ಲಿ ಒಂದೊಂದು ಕಲ್ಲು ಜನರ ಮನೆ ಗೋಡೆಯೊಳಗಿದೆ ಎಂದ. ಪಾಪಣ್ಣ ಸಂಜೆಯವರೆಗೂ ಊರಿನ ಗೋಡೆಗಳನ್ನು ತಟ್ಟಿ ತಟ್ಟಿ ನೋಡಿದ. ಮಗಳ ಹಣೆಬರಹ ತೂಗುತ್ತಿರುವಾಗಲೂ ಈ ಮನುಷ್ಯನಿಗೆ ಕಲ್ಲಿನ ಮೇಲೆ ಆಸೆ. ಆದರೆ ಹೊಳೆಯ ಕಡೆಯ ಬೀದಿಗೆ ಮಾತ್ರ ಆ ದಿನ ಅವನು ಕಾಲಿಡಲಿಲ್ಲ, ನಾಳೆ ನೋಡಿದರಾಯಿತು ಎಂದ. ಹೆದರಿದ್ದ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಲಾಡ್ಜಿನಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಹೊಳೆದಂಡೆಯ ಬೀದಿ ಹಿಡಿದರು. ಬೇಸಿಗೆ ಮುಗಿದಿರಲಿಲ್ಲ. ಮೇಲೆ ಕೃಷ್ಣಗಿರಿ ಅಣೆಕಟ್ಟಿನಲ್ಲಿ ನೀರು ನಿಂತು, ಇಲ್ಲಿ ಹೊಳೆಯಲ್ಲಿ ಮರಳು, ಜೊಂಡು, ನಡುವೆ ಮೊಣಕಾಲುದ್ದದ ನೀರು. ಇದನ್ನು ದಾಟಲು ಏನು ಕಷ್ಟ ಎಂದು ಯಾರಿಗಾದರೂ ಅನಿಸುವಂತಿತ್ತು. ಸೋರೆಕಾಯಿ ತಿನ್ನದ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಪಾಪಣ್ಣ ಕೇಳಿದ ಮೂರನೆಯ ಹೆಂಗಸು ನಗುತ್ತಾ ಬೀದಿಯ ತುದಿ ತೋರಿಸಿದಳು. ಅಲ್ಲಿ ಹೆಂಚಿನ ಮನೆಯ ಜಗಲಿಯ ಮೇಲೆ ಚಿಕ್ಕತಾಯಮ್ಮ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಂಬತ್ತೈದು ದಾಟಿದ ಮುದುಕಿ. ಕಣ್ಣು ಮಂಜು, ಕೈ ಮಾತ್ರ ಚುರುಕು. ಅವಳ ಕನ್ನಡದಲ್ಲಿ ಕಾಲುಪಾಲು ತಮಿಳಿತ್ತು.

ಪಾಪಣ್ಣ ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಕೈ ಜೋಡಿಸಿ ಕೇಳಿದ. "ಅಮ್ಮ, ಸೋರೆಕಾಯಿ ತಿನ್ನದೋರು ಯಾವ ಬೆಡಗಿನೋರು?"

"ಯಾವ ಬೆಡಗೂ ಅಲ್ಲಪ್ಪ," ಎಂದಳು ಮುದುಕಿ, ಬೀಜ ಬಿಡಿಸುವುದು ನಿಲ್ಲಿಸದೆ. "ಈ ಬೀದೀಲಿ ಐದು ಬೆಡಗಿನೋರು ಇದ್ರು. ಅಣೆ ಕಟ್ಟೋಕೆ ಮುಂಚೆ ಈ ಹೊಳೆ ಹಿಂಗಿರಲಿಲ್ಲ. ಸೇತುವೇನೂ ಇರಲಿಲ್ಲ. ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿ ಜನಾನ ಆಚೆ ದಡಕ್ಕೆ ದಾಟಿಸೋದು ನಮ್ಮ ಬೀದಿಯೋರ ಕಸುಬು. ನಮ್ಮಜ್ಜ, ನಮ್ಮಪ್ಪ ಎಲ್ಲಾ ಅದೇ ಮಾಡಿದ್ರು. ನೀರಲ್ಲಿ ಪ್ರಾಣ ಹೊರೋದನ್ನ ಒಲೆ ಮೇಲೆ ಬೇಯಿಸ್ತಾರಾ? ಅದಕ್ಕೇ ತಿನ್ನಲ್ಲ. ಈ ಬೀದಿ ಹೆಣ್ಣುಮಕ್ಕಳನ್ನ ಈ ಬೀದೀಲೇ ಎಷ್ಟೋ ಸಲ ಕೊಟ್ಟು ತಂದವ್ರೆ."

ಶಶಿರೇಖಾ ಜಗಲಿಯ ಕಂಬ ಹಿಡಿದುಕೊಂಡು ಉಸಿರು ಬಿಟ್ಟಳು. ಪಾಪಣ್ಣನಿಗಂತೂ ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. ಕಸುಬಿನ ಕಟ್ಟನ್ನು ಬೆಡಗಿನ ಕಟ್ಟೆಂದು ತಿಳಿದು, ಅವರ ಮನೆ ಊಟದ ದಿನದಿಂದ ಅನ್ನ ಸೇರದೆ ಒದ್ದಾಡಿದ್ದ. ನೋಡಿ, ಇಷ್ಟಕ್ಕೇ ಎದ್ದು ಬಂದಿದ್ದರೆ ಎಲ್ಲ ಚೆನ್ನಾಗಿತ್ತು. ಮಗಳು ಹೋಗೋಣವೆಂದು ಅವನ ತೋಳು ಹಿಡಿದು ಎಳೆದಳು ಕೂಡ. ಆದರೆ ಪಾಪಣ್ಣ ಪಾಪಣ್ಣನೇ. ಎದ್ದವನು ಮತ್ತೆ ಕೂತ.

"ಹಂಗಾದ್ರೆ ನಮ್ಮ ಬೆಡಗು ಯಾವುದಮ್ಮ? ನಮ್ಮಜ್ಜ ಮುನಿಯಪ್ಪ ಅಂತ. ಇಲ್ಲಿಂದಲೇ ಉದ್ದನಪಲ್ಲಿಗೆ ಹೋಗಿದ್ದು."

ಈಗ ಮುದುಕಿಯ ಕೈ ನಿಂತಿತು. ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದಳು.

"ಮುನಿಯಪ್ಪನ ಮೊಮ್ಮಗನಾ ನೀನು?" ಎಂದಳು. "ಹತ್ರ ಬಾ."

ಅವನ ಮುಖವನ್ನು ಹುಣಸೆಹಣ್ಣಿನ ಕೈಯಲ್ಲೇ ಸವರಿದಳು. ಆಮೇಲೆ ಹೇಳಿದಳು. ಅವಳು ಹುಟ್ಟುವುದಕ್ಕೂ ಮುಂಚಿನ ಮಾತು. ಅವಳಪ್ಪ ಹೇಳಿ ಅವಳಿಗೆ ಗೊತ್ತು. ಒಂದು ವರ್ಷ ಹೊಳೆ ದಡ ಮೀರಿ ಬಂತು. ಮೇಲಿನಿಂದ ದನ, ಬಣವೆ, ಮನೆಯ ತೊಲೆ ಎಲ್ಲ ತೇಲಿ ಬರುತ್ತಿದ್ದವು. ಅವುಗಳ ನಡುವೆ ಎರಡು ಸೋರೆಬುರುಡೆ, ಬುರುಡೆಗಳ ಮಧ್ಯೆ ಸೀರೆ ತುಂಡಿನಲ್ಲಿ ಕಟ್ಟಿದ ಒಂದು ಕೂಸು. ಅಳುತ್ತಿತ್ತು. ಚಿಕ್ಕತಾಯಮ್ಮನ ಅಜ್ಜ ನೀರಿಗೆ ಬಿದ್ದ. ಬೀದಿಯ ಮಿಕ್ಕ ಗಂಡಸರು ಒಬ್ಬರ ಸೊಂಟ ಒಬ್ಬರು ಹಿಡಿದು ಸರಪಳಿಯಾಗಿ ನಿಂತು ಅವನನ್ನು ಎಳೆದುಕೊಂಡರು. ಸೀರೆಯ ಗಂಟು ಎಷ್ಟು ಬಿಗಿಯಾಗಿತ್ತೆಂದರೆ, ಕೈಯಲ್ಲಿ ಬಿಚ್ಚಲಾಗದೆ ಅಜ್ಜ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು.

"ಅದೇ ನಿಮ್ಮಜ್ಜ," ಎಂದಳು. "ಯಾವೂರಿಂದ ಬಂತು, ಯಾರ ಕೂಸು, ಯಾವ ಜಾತಿ, ಒಂದೂ ಗೊತ್ತಾಗಲಿಲ್ಲ. ನೀರು ಇಳಿದ ಮೇಲೂ ಯಾರೂ ಹುಡುಕ್ಕೊಂಡು ಬರಲಿಲ್ಲ. ನಮ್ಮಜ್ಜ ತನ್ನ ಮಕ್ಕಳ ಜೊತೆ ಸಾಕಿದ. ವಯಸ್ಸಿಗೆ ಬಂದ್ಮೇಲೆ ಹೆಣ್ಣು ಕೇಳಿದ್ರೆ ಈ ಕಡೆ ಯಾರೂ ಕೊಡಲಿಲ್ಲ. ಎಲ್ಲಾರಿಗೂ ಗೊತ್ತಿತ್ತಲ್ಲ. ಅದಕ್ಕೇ ನಮ್ಮಜ್ಜ, ದೂರ ಹೋಗ್ಬುಡು ಮಗ, ಕೇಳಿದ್ರೆ ಸೋರೆಕಾಯಿ ತಿನ್ನದ ಮನೆಯೋನು ಅನ್ನು, ಅದೇನು ಸುಳ್ಳಲ್ಲ ಅಂತ ಹೇಳಿ ಕಳಿಸಿದ. ಆಮೇಲೆ ನಾನು ನೋಡಿದ್ದು ಒಂದೇ ಸಲ, ನಮ್ಮಜ್ಜನ ಮಣ್ಣಿಗೆ ಬಂದಿದ್ದಾಗ. ಹೊಟ್ಟೇಲಿ ಹುಟ್ಟಿದೋರಿಗಿಂತ ಜೋರಾಗಿ ಅತ್ತ."

ಮುದುಕಿ ಕಾಫಿ ಕುಡಿದು ಹೋಗಿ ಎಂದಳು. ಕುಡಿದರು. ಏನು ಕುಡಿದೆವೆಂದು ಇಬ್ಬರಿಗೂ ಗೊತ್ತಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಬಂದು ಕೂತರು. ಪಾಪಣ್ಣ ನೀರು ಬರುವ ದಿಕ್ಕನ್ನೇ ನೋಡುತ್ತಿದ್ದ. ಅಲ್ಲಿ ಎಲ್ಲೋ ಒಂದು ಊರು, ಒಂದು ಮನೆ, ಮನೆಯೊಳಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಕೂಸಿಗೆ ಗಂಟು ಬಿಗಿದ ಒಬ್ಬಳು. ತನ್ನ ಕೈಗೆ ಸಿಕ್ಕ ಎರಡೂ ಬುರುಡೆಗಳನ್ನು ಮಗುವಿಗೇ ಕಟ್ಟಿದ್ದಳು. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಐವತ್ತೆಂಟು ವರ್ಷದ ಪಾಪಣ್ಣ ಆ ಹೆಣ್ಣಿಗಾಗಿ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ.

ಆಮೇಲೆ ಭಯ ಬಂತು. ಬಂದದ್ದು ಬೆಡಗು ಒಂದೇ ಆಗದಿದ್ದರೆ ಸಾಕು ಎಂದು. ಹೊತ್ತುಕೊಂಡು ಹೋಗಬೇಕಾದದ್ದು ಜಾತಿಯೇ ತಿಳಿಯದವರು ಎಂಬ ಮಾತು. ಅಜ್ಜನಿಗೆ ಈ ಮಾತಿನಿಂದಲೇ ಇಲ್ಲಿ ಹೆಣ್ಣು ಸಿಗಲಿಲ್ಲ. ಈಗ ಮರಿಮಗಳಿಗೆ ಗಂಡು ತಪ್ಪಿದರೆ ಅದಕ್ಕೆ ತಾನೇ ಕಾರಣ. ಮುನಿರತ್ನಮ್ಮ ಬಾಯಿ ಮುಚ್ಚಿಕೋ ಎಂದಿದ್ದಳು. ಹೆಂಡತಿಯ ಮಾತು ಕೇಳಿ ಕೆಟ್ಟವನು ಯಾವನಿದ್ದಾನೆ.

"ಈ ಮುದುಕಿ ಬಿಟ್ರೆ ಯಾರಿಗೂ ಗೊತ್ತಿಲ್ಲ," ಎಂದ, ಮಗಳ ಮುಖ ನೋಡದೆ. "ಬೆಡಗು ಬೇರೆ ಅಂತ ಆಯ್ತಲ್ಲ. ಇಷ್ಟಕ್ಕೇ ಬಿಟ್ಬುಡೋಣ."

ಶಶಿರೇಖಾ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. "ಹೇಳ್ದೆ ಮದುವೆ ಆದ್ರೆ, ಅವರ ಮನೇಲಿ ದಿನಾ ತಟ್ಟೆ ಮುಂದೆ ಕೂತಾಗ ನೆನಪಾಗುತ್ತಪ್ಪ. ಎಷ್ಟು ವರ್ಷ ನುಂಗಲಿ?"

"ಬೇಡ ಅಂದ್ಬುಟ್ರೆ?"

ಅವಳು ಅಳು ಬಂದದ್ದನ್ನು ತಡೆದುಕೊಂಡು, ಫೋನು ತೆಗೆದು ಸೆಲ್ವಿಯ ನಂಬರು ಒತ್ತಿ ಅಪ್ಪನ ಕೈಗೆ ಕೊಟ್ಟಳು.

ಪಾಪಣ್ಣ ಎದ್ದು ನಿಂತು ಮಾತಾಡಿದ. ಆ ಕಡೆ ಹೊಲಿಗೆ ಮೆಷೀನಿನ ಸದ್ದು ಕೇಳಿಸುತ್ತಿತ್ತು. ಎಲ್ಲವನ್ನೂ ಹೇಳಿದ: ಅವರ ಮನೆ ಊಟದ ದಿನ ತನಗೆ ಬಂದ ಅನುಮಾನ, ಬಸ್ಸು ಹತ್ತಿ ಬಂದದ್ದು, ಚಿಕ್ಕತಾಯಮ್ಮ, ಹೊಳೆ, ಬುರುಡೆ, ಕೂಸು. ಒಂದನ್ನೂ ಬಿಡಲಿಲ್ಲ. ಕೂಸಿನ ಮಾತು ಬಂದಾಗ ಆ ಕಡೆ ಮೆಷೀನು ನಿಂತಿತು. "ನಮ್ಮಜ್ಜ ಯಾವ ಜಾತಿಯೋನು ಅಂತ ಈಗ ಯಾರೂ ಹೇಳಕ್ಕಾಗಲ್ಲಮ್ಮ. ನಮಗೂ ಇವತ್ತೇ ಗೊತ್ತಾಗಿದ್ದು. ನೀವು ಬೇಡ ಅಂದ್ರೂ ನಾವು ತಪ್ಪು ತಿಳಿಯಲ್ಲ," ಎಂದು ಮುಗಿಸಿದ.

ಫೋನು ಕಟ್ಟಾಯಿತೇನೋ ಎಂದು ಪಾಪಣ್ಣ ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡ.

"ಮದುವೆ ಆದ್ಮೇಲೆ ಹೇಳಬಹುದಾಗಿತ್ತಲ್ಲ ಅಣ್ಣ," ಎಂದಳು ಸೆಲ್ವಿ.

"ಆಮೇಲೆ ಹೇಳಿದ್ರೆ ಅದು ಹೇಳಿದಂಗಲ್ಲಮ್ಮ. ಕೈಕಾಲು ಕಟ್ಟಿ ಹಾಕಿದಂಗೆ."

"ಕೂಸನ್ನ ಎಳ್ಕೊಳ್ಳೋಕೆ ಬೀದಿಯೋರೆಲ್ಲ ನೀರಿಗಿಳಿದ್ರು ಅಂದ್ರಲ್ಲ. ನಮ್ಮ ಯಜಮಾನ್ರ ಹಿರೀಕರೂ ಅದೇ ಬೀದಿಯೋರಾ?"

"ಸೋರೆಕಾಯಿ ತಿನ್ನಲ್ಲ ಅಂದ್ರೆ ಅದೇ ಬೀದಿಯೋರೇ ಇರಬೇಕಮ್ಮ."

"ಹಂಗಾದ್ರೆ ಅವರೂ ಆ ಸಾಲಲ್ಲಿ ನಿಂತಿದ್ರೋ ಏನೋ," ಎಂದಳು ಸೆಲ್ವಿ. ಅವಳ ದನಿ ಒದ್ದೆಯಾಗಿತ್ತು. "ಪ್ರವಾಹದಲ್ಲಿ ನಿಂತೋರು ಯಾರ ಕೂಸು ಅಂತ ಕೇಳಲಿಲ್ಲ. ಇಷ್ಟು ವರ್ಷ ಆದ್ಮೇಲೆ, ಒಣಗಿದ ಮನೇಲಿ ಕೂತ್ಕೊಂಡು ನಾನು ಕೇಳ್ಲಾ? ಪರವಾಯಿಲ್ಲ ಬಿಡಿ. ದಿನ ಗೊತ್ತು ಮಾಡಿದ್ದು ಮಾಡಿದ್ದೇ."

ಪಾಪಣ್ಣ ಮೆಟ್ಟಿಲ ಮೇಲೆ ಕೂತ.

"ರೇಖಾ ಪಕ್ಕದಲ್ಲಿ ಅವ್ಳಾ?" ಎಂದಳು ಸೆಲ್ವಿ. "ಫೋನ್ ಕೊಡಿ ಅವಳಿಗೆ."

ಕೊಟ್ಟ. ಶಶಿರೇಖಾ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೇಳಿದಳು. ಆ ಕಡೆಯಿಂದ ಏನು ಹೇಳುತ್ತಿದ್ದಳೋ, ಇವಳು ಅಳುತ್ತಲೇ ತಲೆಯಾಡಿಸುತ್ತಿದ್ದಳು.

"ಹೂಂ ಅತ್ತೆ," ಎಂದಳು ಕೊನೆಗೆ. ಅಲ್ಲಿಯವರೆಗೆ ಅವಳು ಸೆಲ್ವಿಯನ್ನು ಆಂಟಿ ಎನ್ನುತ್ತಿದ್ದಳು.